ಸೊನ್ನೆಯ ಎರಡು ಅರ್ಥಗಳು: ಕನ್ನಡ ಲಿಪಿಯ ಪ್ರಾಕೃತ ತಾಡಪತ್ರಗಳೂ ಗಣಕದ ಅಕ್ಷರಸಂಕೇತವೂ

ಹಳಗನ್ನಡ ಲಿಪಿಯಲ್ಲಿರುವ ಪ್ರಾಕೃತ ತಾಡಪತ್ರವೊಂದನ್ನು ಓದುವವನಿಗೆ ‘ಸಂತ’ ಎಂಬ ಎರಡಕ್ಷರಗಳು ಎದುರಾದವೆನ್ನೋಣ. ಸ-ಕಾರ, ಅದರ ಮುಂದೊಂದು ಸೊನ್ನೆ, ಬಳಿಕ ತ-ಕಾರ. ಕನ್ನಡವನ್ನಷ್ಟೇ ಬಲ್ಲವನಿಗೆ ಇಲ್ಲಿ ಸಂದೇಹಕ್ಕೆಡೆಯಿಲ್ಲ. ಪ್ರಾಕೃತವನ್ನು ಬಲ್ಲ ಪಂಡಿತನು ಮಾತ್ರ ಒಂದು ಕ್ಷಣ ನಿಲ್ಲುತ್ತಾನೆ. ಸೊನ್ನೆಯು ಅನುಸ್ವಾರವಾಗಿದ್ದರೆ ಪದವು ‘ಸಂತ’, ಎಂದರೆ ಸಂಸ್ಕೃತದ ‘ಸತ್’. ಷಟ್ಖಂಡಾಗಮದ ಜೀವಸ್ಥಾನದ ಮೊದಲ ಅನುಯೋಗದ್ವಾರವಾದ ಸಂತಪರೂವಣೆಯಲ್ಲಿರುವುದು ಈ ಪದವೇ. ಸೊನ್ನೆಯು ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುವ ಗುರುತಾಗಿದ್ದರೆ ಪದವು ‘ಸತ್ತ’. ಅದು ಏಳೆಂಬ ಸಂಖ್ಯೆಯಾಗಬಹುದು, ‘ಸತ್ತ್ವ’ವೂ ಆಗಬಹುದು. ಇದೇ ಬಗೆಯಲ್ಲಿ ‘ಬಂಧ’ವೆಂದು ಕಾಣುವುದು ಬಂಧವೂ ಆಗಬಹುದು, ‘ಬದ್ಧ’ವೂ ಆಗಬಹುದು. ಕರ್ಮಸಿದ್ಧಾಂತದ ಗ್ರಂಥದಲ್ಲಿ, ಅದರಲ್ಲಿಯೂ ಮಹಾಬಂಧವೆಂಬ ಹೆಸರನ್ನೇ ಹೊತ್ತ ಗ್ರಂಥದಲ್ಲಿ, ಈ ಎರಡರ ಅಂತರವು ಅಲ್ಪವಾದುದಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ದ್ವಿತ್ವವನ್ನು ಸೂಚಿಸಲು ವ್ಯಂಜನದ ಹಿಂದೆ ಬಿಂದುವನ್ನಿಡುವ ಈ ರೂಢಿಯು ದಕ್ಷಿಣದ ಲಿಪಿಗಳಲ್ಲಿ ಬರೆದ ಪ್ರಾಕೃತಕ್ಕೆ ಸಾಮಾನ್ಯವಾದುದು. ಕೇರಳದ ನಾಟಕಪ್ರತಿಗಳ ಪ್ರಾಕೃತ ಭಾಗಗಳಲ್ಲಿಯೂ, ತೆಲುಗು ಲಿಪಿಯ ಪ್ರತಿಗಳಲ್ಲಿಯೂ ಇದು ಕಂಡುಬರುತ್ತದೆ. ಪ್ರಾಕೃತದಲ್ಲಿ ವಿಜಾತೀಯ ಸಂಯುಕ್ತಾಕ್ಷರಗಳು ವಿರಳ. ಸಜಾತೀಯ ದ್ವಿತ್ವವು ಹೆಜ್ಜೆಹೆಜ್ಜೆಗೂ ಬರುತ್ತದೆ. ಕಂಟದಿಂದ ಓಲೆಯ ಮೇಲೆ ಕೊರೆಯುವ ಲಿಪಿಕಾರನು ಪ್ರತಿಯೊಂದು ದ್ವಿತ್ವಕ್ಕೂ ಒತ್ತಕ್ಷರವನ್ನು ಸಾಲಿನ ಕೆಳಗಿಳಿಸುತ್ತ ಹೋದರೆ ಸಾಲುಗಳ ನಡುವಣ ಎಡೆ ಸಾಲದು, ಶ್ರಮವೂ ಇಮ್ಮಡಿ. ಒಂದು ಬಿಂದುವಿನಿಂದ ಕೆಲಸವು ಮುಗಿಯುವಾಗ ಅವನೇಕೆ ಒತ್ತನ್ನು ಕೊರೆದಾನು? ಓದುವವನು ಪ್ರಾಕೃತಜ್ಞನೆಂಬ ಭರವಸೆಯಿಂದಲೇ ಅವನು ಬರೆದನು. ‘ಧಂಮ’ ಎಂದಿದ್ದರೂ ‘ಕಂಮ’ ಎಂದಿದ್ದರೂ ಧಮ್ಮ, ಕಮ್ಮವೆಂದೇ ಓದಬೇಕೆಂಬುದು ಬಲ್ಲವರಿಗೆ ಸಹಜ. ಬಹುಪಾಲು ಎಡೆಗಳಲ್ಲಿ ಭಾಷೆಯ ನಿಯಮವೇ ಸಂದೇಹವನ್ನು ಪರಿಹರಿಸುತ್ತದೆ. ಉಳಿದ ಕೆಲವೆಡೆಗಳಲ್ಲಿ, ಸಂತ-ಸತ್ತ, ಬಂಧ-ಬದ್ಧ, ದಂತ-ದತ್ತ, ಪಂತ-ಪತ್ತ ಎಂಬಂಥ ಜೋಡಿಗಳಲ್ಲಿ, ನಿರ್ಣಯವು ಸಂದರ್ಭಕ್ಕೆ ಬಿಟ್ಟದ್ದು.

ಈಗ ಪ್ರಶ್ನೆಯಿರುವುದು ಓಲೆಯನ್ನು ಓದುವುದರಲ್ಲಲ್ಲ, ಓದಿದ್ದನ್ನು ಗಣಕಯಂತ್ರದಲ್ಲಿ ಬರೆದಿಡುವುದರಲ್ಲಿ. ತಾಡಪತ್ರಗಳ ಛಾಯಾಚಿತ್ರಗಳು ಸಂಗ್ರಹವಾಗುತ್ತಿರುವ ಈ ದಿನಗಳಲ್ಲಿ ಮುಂದಿನ ಹೆಜ್ಜೆಯೆಂದರೆ ಅವುಗಳ ಪಾಠವನ್ನು ಅಕ್ಷರಶಃ ಗಣಕಕ್ಕಿಳಿಸುವುದೇ ಆಗಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿದ ಬಳಿಕ ಈ ಕಾರ್ಯಕ್ಕೆ ಹೆಚ್ಚಿನ ಒತ್ತಾಸೆ ದೊರೆಯುವುದೆಂಬ ನಿರೀಕ್ಷೆಯೂ ಇದೆ. ಆದರೆ ಯಾವ ಅಕ್ಷರಸಂಕೇತದಲ್ಲಿ ಈ ಪಾಠವನ್ನು ಇಡಲಾಗುವುದೋ ಆ ಸಂಕೇತವು ಕನ್ನಡ ಲಿಪಿಯನ್ನು ಹೇಗೆ ಕಂಡಿದೆಯೆಂಬುದನ್ನು ಜೈನ ವಿದ್ವಾಂಸರು ಇದುವರೆಗೆ ಸಾಕಷ್ಟು ಪರಾಮರ್ಶಿಸಿದಂತೆ ತೋರುವುದಿಲ್ಲ.

ಲಿಪಿಯಿಂದ ಲಿಪಿಗೆ ದಾಟುವಾಗ ಪಾಠಕ್ಕೆ ಏನಾಗುತ್ತದೆಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಚರಿತ್ರೆಗಿಂತ ಬೇರೆ ನಿದರ್ಶನ ಬೇಕಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಎಂದು ಪ್ರಸಿದ್ಧವಾದ ಮಹಾಬಂಧ, ಈ ಮೂರರ ಪ್ರಾಚೀನ ತಾಡಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಪ್ರತಿ ಮಾಡುವ ಕಾರ್ಯವನ್ನು ಕೈಗೊಂಡರು. ಹಳಗನ್ನಡದ ಓಲೆಯಿಂದ ನಾಗರಿಗೂ ಹೊಸ ಕನ್ನಡಕ್ಕೂ ಪ್ರತಿಗಳಾದವು. ಗಜಪತಿಗಳಿಂದ ಹೊರಬಂದ ಕನ್ನಡ ಪ್ರತಿಯೊಂದು ಸಹಾರನಪುರವನ್ನು ಸೇರಿ, ಅಲ್ಲಿ ಅದರಿಂದ ಮತ್ತೆ ನಾಗರಿ ಪ್ರತಿಯಾಗಿ, ಆ ನಾಗರಿ ಪ್ರತಿಯ ಪ್ರತಿಗಳು ಉತ್ತರದ ಭಂಡಾರಗಳಿಗೆ ಹರಡಿದವು. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಓಲೆಯಲ್ಲ, ಓಲೆಯ ಮರಿಪ್ರತಿಗಳ ಮರಿಪ್ರತಿಗಳು. ಒಂದನ್ನೊಂದು ಹೋಲುವ ಹಳಗನ್ನಡದ ಅಕ್ಷರಗಳು ಯಾವುವು, ಯಾವ ಅಕ್ಷರವನ್ನು ಲಿಪಿಕಾರನು ಯಾವುದೆಂದು ತಿಳಿದಿರಬಹುದೆಂದು ಹಿಂದಕ್ಕೆ ಊಹಿಸುತ್ತ ಪಾಠವನ್ನು ಸರಿಪಡಿಸುವ ಕಷ್ಟವು ಸಂಪಾದಕರ ಪಾಲಿಗೆ ಬಂತು. ಮೂಡುಬಿದಿರೆಯ ಓಲೆಗಳ ಪಾಠಾಂತರಗಳು ದೊರೆತದ್ದು ಮೊದಲ ಸಂಪುಟಗಳು ಅಚ್ಚಾದ ಮೇಲೆ. ಹದಿನಾರು ಸಂಪುಟಗಳ ಆ ಮಹಾಕಾರ್ಯದ ಬಹುಭಾಗ ಶ್ರಮವು, ಪ್ರತಿಕಾರನೊಬ್ಬನು ಓಲೆಯ ಎದುರಿಗೆ ಕುಳಿತು ಮೌನವಾಗಿ ಮಾಡಿದ ನಿರ್ಣಯಗಳನ್ನು ಬಿಡಿಸಿ ನೋಡುವುದರಲ್ಲಿಯೇ ವ್ಯಯವಾಯಿತು.

ಗಣಕಕ್ಕೆ ಪಾಠವನ್ನಿಳಿಸುವುದು ಇಂಥದೇ ಇನ್ನೊಂದು ಪ್ರತಿಮಾಡುವಿಕೆ. ಅದನ್ನು ‘ದಾಖಲೀಕರಣ’ವೆಂದು ಕರೆದ ಮಾತ್ರಕ್ಕೆ ಅದರ ಸ್ವರೂಪವು ಬದಲಾಗದು.

ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಗಣಕವು ನೆನಪಿಡುವುದು ಆ ಸಂಖ್ಯೆಯನ್ನು. ತೆರೆಯ ಮೇಲೆ ಕಾಣುವ ಆಕಾರವನ್ನು ಒದಗಿಸುವುದು ಅಕ್ಷರವಿನ್ಯಾಸ, ಅದು ಬೇರೆ. ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವನ್ನು ಮೀಸಲಿಡಲಾಗಿದೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯು ಹೊರಬಂದಾಗ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಭಾರತದ್ದೇ ಆದ ‘ಇಸ್ಕಿ’ ಸಂಕೇತದ 1988ರ ರೂಪದಿಂದ ತೆಗೆದುಕೊಳ್ಳಲಾಯಿತು. ಇಸ್ಕಿಯ ಮೂಲತತ್ತ್ವವು ಎಲ್ಲ ಭಾರತೀಯ ಲಿಪಿಗಳನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸುವುದು. ನಾಗರಿಯ ಕ-ಕಾರವು ತನ್ನ ಖಂಡದಲ್ಲಿ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ಕ-ಕಾರವೂ ತನ್ನ ಖಂಡದಲ್ಲಿ ಅಷ್ಟನೆಯ ಮನೆಯಲ್ಲಿದೆ. ಈ ತತ್ತ್ವದಲ್ಲಿ ಅಂದವಿದೆ, ಸೌಲಭ್ಯವೂ ಇದೆ. ಆದರೆ ಅಂದಿನ ಆಧಾರವು ಆಧುನಿಕ ಮುದ್ರಣದ ಕನ್ನಡ. ಶಾಸನದ ಕನ್ನಡವಲ್ಲ, ಓಲೆಯ ಕನ್ನಡವಂತೂ ಅಲ್ಲವೇ ಅಲ್ಲ.

ಹಳೆಯದು ಒಂದೊಂದಾಗಿ ಬಳಿಕ ಸೇರಿತು. ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೆ 2006ರಲ್ಲಿ ಸ್ಥಾನ ದೊರೆಯಿತು. ಗ್ರಂಥಾರಂಭದಲ್ಲಿ ಇಡುವ ‘ಸಿದ್ಧಂ’ ಚಿಹ್ನೆಯು 2018ರಲ್ಲಿ ಬಂತು. ಪದಾಂತ್ಯದ ಅರೆ ನ-ಕಾರವಾದ ನಕಾರಪೊಲ್ಲು 2021ರಲ್ಲಿ, ಶ್ರೀಕಾರದ ಪ್ರಾಚೀನ ರೂಪವು 2025ರಲ್ಲಿ ಸೇರಿವೆ. ಇವುಗಳಲ್ಲೊಂದೂ ತಾನಾಗಿ ಬಂದುದಲ್ಲ. ಯಾರೋ ಒಬ್ಬರು ಹಳೆಯ ಪುಸ್ತಕ, ಶಾಸನ, ಓಲೆಗಳ ಚಿತ್ರಗಳನ್ನು ಆಧಾರವಾಗಿರಿಸಿ ಮನವಿಯನ್ನು ಸಲ್ಲಿಸಿದುದರಿಂದ ಬಂದವು.

ಆರಂಭದಲ್ಲಿಯೇ ಸ್ಥಾನ ಪಡೆದೂ ಅವಮಾನಕ್ಕೊಳಗಾದ ಅಕ್ಷರವೊಂದುಂಟು, ಅದು ‘ೞ’. ಪಂಪ-ರನ್ನರ ಕಾವ್ಯಗಳಲ್ಲಿ ಸಹಜವಾಗಿ ಬರುವ, ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪ್ರತ್ಯೇಕವಾಗಿ ವಿಚಾರಿಸಿದ ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ದೊರೆತ ಅಧಿಕೃತ ನಾಮವು ‘ಕನ್ನಡ ಲೆಟರ್ ಫ’ ಎಂದು, ಅದೂ ಪಾರಸಿಯ ಫ಼-ಕಾರದ ಅರ್ಥದಲ್ಲಿ! ಇದು ಹೇಗಾಯಿತೆಂಬುದು ಆ ಚೌಕಟ್ಟನ್ನು ನೋಡಿದರೆ ಹೊಳೆಯುತ್ತದೆ. ದಶಮಾನದಲ್ಲಿ ಹೇಳುವುದಾದರೆ ೞ-ಕಾರದ ಸಂಖ್ಯೆ 3294. ನಾಗರಿಯ ಖಂಡದಲ್ಲಿ ಅದಕ್ಕೆ ಸಮನಾದ ಮನೆಯಲ್ಲಿರುವುದು ಕೆಳಗೆ ಚುಕ್ಕೆಯಿಟ್ಟ ಫ಼-ಕಾರ. ಮನೆಯ ಹೆಸರೇ ನಿವಾಸಿಗೂ ಅಂಟಿತು. ತಮಿಳು, ಮಲಯಾಳಗಳಲ್ಲಿ ಇದೇ ಧ್ವನಿಯ ಅಕ್ಷರವು ಳ-ಕಾರದ ಒಡನೆಯೇ, ಅದರ ಮರುಮನೆಯಲ್ಲಿ ಕುಳಿತಿದೆ. ಕನ್ನಡದಲ್ಲಿ ಆ ಮರುಮನೆಯು, ಎಂದರೆ 3252ನೆಯದು, ಇಂದಿಗೂ ಖಾಲಿ. ತಪ್ಪು ತಿಳಿದ ಮೇಲೆ ತಿದ್ದಬಹುದಿತ್ತಲ್ಲವೇ ಎಂದರೆ, ಒಮ್ಮೆ ಕೊಟ್ಟ ಹೆಸರನ್ನೂ ಸ್ಥಾನವನ್ನೂ ಎಂದೆಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ಸ್ಥಿರತೆಯ ನಿಯಮ. ಜಗತ್ತಿನ ಕಡತಗಳೆಲ್ಲ ಆ ಸಂಖ್ಯೆಗಳನ್ನು ನೆಚ್ಚಿಕೊಂಡಿರುವುದರಿಂದ ಈ ನಿಯಮಕ್ಕೆ ಕಾರಣವಿಲ್ಲದಿಲ್ಲ. ಕೊನೆಗೆ, ಇದರ ನಿಜವಾದ ಹೆಸರು ಬೇರೆಯೆಂಬ ತಿದ್ದುಪಡಿಯ ಉಪನಾಮವನ್ನು ಪಕ್ಕದಲ್ಲಿ ಸೇರಿಸಿ ಸಮಾಧಾನಪಡಬೇಕಾಯಿತು. ಲಿಪಿಕಾರನ ತಪ್ಪನ್ನು ಸಂಪಾದಕನು ಅಡಿಟಿಪ್ಪಣಿಯಲ್ಲಿ ತಿದ್ದುವಂತೆಯೇ ಇದೂ; ವ್ಯತ್ಯಾಸವೆಂದರೆ ಇಲ್ಲಿ ಮೂಲವನ್ನು ಮುಂದಿನ ಯಾವ ಪರಿಷ್ಕರಣದಲ್ಲಿಯೂ ಮುಟ್ಟುವಂತಿಲ್ಲ.

ಸೊನ್ನೆಯ ವಿಚಾರಕ್ಕೆ ಮರಳಿದರೆ, ಕನ್ನಡದ ನೆರೆಯ ಲಿಪಿಗಳಲ್ಲಿ ಇದಕ್ಕೆ ದೊರೆತ ಪರಿಹಾರಗಳು ಗಮನಾರ್ಹವಾಗಿವೆ. ಮಲಯಾಳದ ಖಂಡಕ್ಕೆ 2017ರಲ್ಲಿ ಅಕ್ಷರದ ಮೇಲೆ ಇಡುವ ಅನುಸ್ವಾರವೊಂದು ಸೇರಿತು. ಅದರ ಉದ್ದೇಶವೇ ಪ್ರಾಕೃತ. ಮಲಯಾಳ ಲಿಪಿಯ ಪ್ರಾಕೃತದಲ್ಲಿ ಸಾಲಿನೊಳಗಿನ ಸಾಮಾನ್ಯ ಸೊನ್ನೆಯು ದ್ವಿತ್ವವನ್ನು ಸೂಚಿಸುವುದರಿಂದ ನಿಜವಾದ ಅನುನಾಸಿಕಧ್ವನಿಗೆ ಮೇಲಿನ ಬಿಂದುವು ಮೀಸಲಾಗಿದೆ. ತೆಲುಗಿಗೂ 2018ರಲ್ಲಿ ಅದೇ ಬಗೆಯ ಚಿಹ್ನೆ ಬಂತು. ಕನ್ನಡ-ತೆಲುಗುಗಳ ಲಿಪಿ ಒಂದು ಕಾಲಕ್ಕೆ ಒಂದೇ ಆಗಿತ್ತೆಂಬುದನ್ನು ನೆನೆದರೆ ಈ ಎರಡನೆಯ ಸಂಗತಿಯು ಇನ್ನೂ ಹತ್ತಿರದ್ದು. ಗುರುಮುಖಿಯಲ್ಲಿಯಂತೂ ಅನುನಾಸಿಕಕ್ಕೆ ಟಿಪ್ಪಿ ಮತ್ತು ಬಿಂದಿ, ದ್ವಿತ್ವಕ್ಕೆ ಅದ್ಧಕವೆಂದು ಲಿಪಿಯೇ ಬೇರ್ಪಡಿಸಿಕೊಂಡಿದ್ದು, ಸಂಕೇತವೂ ಅದನ್ನು ಅನುಸರಿಸಿದೆ.

ಆದರೆ ಎಲ್ಲಕ್ಕಿಂತ ಸಮೀಪದ ನಿದರ್ಶನವು ಮೂಡುಬಿದಿರೆಯಿರುವ ನಾಡಿನದೇ ಆದ ಲಿಪಿಯದು. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ 80 ಸಂಕೇತಗಳ ಹೊಸ ಖಂಡವೊಂದು ಸೇರ್ಪಡೆಯಾಯಿತು. ವೈಷ್ಣವೀ ಮೂರ್ತಿ ಮತ್ತು ವಿನೋದ್ ರಾಜನ್ ಅವರು ಸಿದ್ಧಪಡಿಸಿದ ಮನವಿಯು ಇದಕ್ಕೆ ತಳಹದಿ. ಈ ಲಿಪಿಯ ಓಲೆಗಳಲ್ಲಿ ಬಹುಪಾಲು ಸಂಸ್ಕೃತದವು; ತುಳು ಭಾಷೆಯ ಪ್ರಾಚೀನ ಕೃತಿಗಳು ಕೆಲವೇ, ಅವುಗಳಲ್ಲಿ ಶ್ರೀಭಾಗವತೊ, ಕಾವೇರಿ ಮೊದಲಾದವನ್ನು ವೆಂಕಟರಾಜ ಪುಣಿಂಚತ್ತಾಯರು ಬೆಳಕಿಗೆ ತಂದರು. ತುಳುವರಿಗೆ ಬೇಕಾದುದು ಇಂದು ಬರೆಯಲು ಅನುಕೂಲವಾದ ತುಳು ಲಿಪಿ. ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯು ಪ್ರಚುರಪಡಿಸಿದ ಅಕ್ಷರಮಾಲೆಯ ದೃಷ್ಟಿಯೂ ಅದೇ. ಹಸ್ತಪ್ರತಿಶಾಸ್ತ್ರಜ್ಞರಿಗೆ ಬೇಕಾದುದು ಓಲೆಯಲ್ಲಿರುವುದನ್ನು ಇದ್ದಂತೆ ಹಿಡಿದಿಡುವ ಸಾಧನ. ಎರಡು ಹೆಸರುಗಳನ್ನು ಗೆರೆಯಿಂದ ಜೋಡಿಸಿದ ಆ ನಾಮದಲ್ಲಿಯೇ ಈ ಎರಡು ಅಪೇಕ್ಷೆಗಳ ನಡುವಣ ಒಪ್ಪಂದವು ಕಾಣುತ್ತದೆ. ಆ ವಿವಾದವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಪ್ರಕೃತಕ್ಕೆ ಮುಖ್ಯವಾದುದು ಇಷ್ಟೇ: ಆ 80ರಲ್ಲಿ ಅನುಸ್ವಾರಕ್ಕೆ ಒಂದು ಸ್ಥಾನ, ದ್ವಿತ್ವದ ಚಿಹ್ನೆಗೆ ಇನ್ನೊಂದು ಸ್ಥಾನ. ದ್ವಿತ್ವಚಿಹ್ನೆಯ ಸಂಖ್ಯೆ 70610.

ಹೀಗಾಗಿ ಸ್ಥಿತಿಯು ವಿಚಿತ್ರವಾಗಿದೆ. ಯಾವ ಊರಿನ ಬಸದಿಯಲ್ಲಿ ದಿಗಂಬರಾಮ್ನಾಯದ ಪ್ರಾಚೀನತಮ ಸಿದ್ಧಾಂತಪಾಠವು ಉಳಿದುಬಂತೋ ಆ ಊರಿನ ಸುತ್ತಲಿನ ಸಂಸ್ಕೃತ-ತುಳು ಓಲೆಗಳ ಲಿಪಿಗೆ ದ್ವಿತ್ವದ ಸಂಕೇತವುಂಟು. ಮಲಯಾಳ, ತೆಲುಗುಗಳಲ್ಲಿ ಪ್ರಾಕೃತದ ಸಲುವಾಗಿಯೇ ಚಿಹ್ನೆಗಳುಂಟು. ಆ ಸಿದ್ಧಾಂತಪಾಠವು ಯಾವ ಲಿಪಿಯಲ್ಲಿ ಉಳಿಯಿತೋ ಆ ಕನ್ನಡಕ್ಕೆ ಮಾತ್ರ ಎರಡು ಅರ್ಥಗಳಿಗೂ 3202 ಎಂಬ ಒಂದೇ ಸೊನ್ನೆ.

ಇಷ್ಟರಿಂದಲೇ ಕನ್ನಡಕ್ಕೂ ಒಂದು ಹೊಸ ಸಂಕೇತವನ್ನು ಕೂಡಲೇ ಕೇಳಬೇಕೆಂದು ತೀರ್ಮಾನಿಸುವುದು ಸುಲಭ. ಸರಿಯೇ ಎಂಬುದು ಬೇರೆ ಮಾತು. ಎದುರುಪಕ್ಷದ ವಾದವು ದುರ್ಬಲವಾದುದಲ್ಲ. ಒಂದು ಚಿಹ್ನೆಗೆ ಎರಡು ಬೆಲೆಗಳಿದ್ದ ಮಾತ್ರಕ್ಕೆ ಅದು ಎರಡು ಚಿಹ್ನೆಗಳಾಗುವುದಿಲ್ಲ. ಕನ್ನಡದ ಸೊನ್ನೆಯನ್ನೇ ನೋಡಿದರೆ ಅದು ಕ-ವರ್ಗದ ಹಿಂದೆ ಙ-ಕಾರ, ಚ-ವರ್ಗದ ಹಿಂದೆ ಞ-ಕಾರ, ಹೀಗೆ ಐದು ಧ್ವನಿಗಳಿಗೆ ಸಲ್ಲುತ್ತದೆ. ಅದಕ್ಕಾಗಿ ಐದು ಸೊನ್ನೆಗಳು ಬೇಕೆಂದು ಯಾರೂ ಕೇಳಿಲ್ಲ. ದ್ವಿತ್ವಕ್ಕೆ ಮಾತ್ರ ಬೇರೆ ಏಕೆ?

ಈ ವಾದಕ್ಕೆ ಅರ್ಧ ಉತ್ತರವು ಸುಲಭವಾಗಿದೆ. ಸೊನ್ನೆಯ ಐದು ಬೆಲೆಗಳನ್ನು ಮುಂದಿನ ಅಕ್ಷರವು ನಿರ್ಣಯಿಸುತ್ತದೆ. ‘ಅಂಕ’ದಲ್ಲಿ ಅದು ಙ-ಕಾರವೇ, ಬೇರೆಯಾಗಲಾರದು, ಯಂತ್ರವೂ ಅದನ್ನು ನಿಯಮದಿಂದ ತಿಳಿಯಬಲ್ಲದು. ‘ಸಂತ’ದಲ್ಲಿ ಮುಂದಿನ ತ-ಕಾರವು ಏನನ್ನೂ ಹೇಳುವುದಿಲ್ಲ. ಅನುಸ್ವಾರವೋ ದ್ವಿತ್ವವೋ ಎಂಬುದು ಅರ್ಥದಿಂದ ತಿಳಿಯಬೇಕಾದುದು. ಆದ್ದರಿಂದ ಇದು ಐದು ಅನುನಾಸಿಕಗಳ ವಿಕಲ್ಪದಂಥದಲ್ಲ.

ಉಳಿದ ಅರ್ಧವೇ ಕಷ್ಟದ್ದು. ಓಲೆಯ ಪಾಠವನ್ನು ಯಥಾವತ್ತಾಗಿ ಇಳಿಸುವವನ ಧರ್ಮವು ಲಿಪಿಕಾರನು ಬರೆದುದನ್ನು ಬರೆಯುವುದು. ಲಿಪಿಕಾರನು ಎರಡೆಡೆಗಳಲ್ಲಿಯೂ ಒಂದೇ ಸೊನ್ನೆಯನ್ನು ಇಟ್ಟಿದ್ದರೆ, ಇಳಿಸುವವನು ಒಂದೆಡೆ ಅನುಸ್ವಾರದ ಸಂಖ್ಯೆಯನ್ನೂ ಇನ್ನೊಂದೆಡೆ ದ್ವಿತ್ವದ ಸಂಖ್ಯೆಯನ್ನೂ ಹಾಕಿದರೆ ಅವನು ಲಿಪಿಕಾರನ ಬರಹವನ್ನಲ್ಲ, ತನ್ನ ನಿರ್ಣಯವನ್ನು ದಾಖಲಿಸಿದಂತೆ. ಸಹಾರನಪುರದ ಪ್ರತಿಕಾರನು ಮಾಡಿದ್ದೂ ಅದನ್ನೇ. ಮಲಯಾಳದಲ್ಲಿ ಎರಡು ಸಂಕೇತಗಳು ನ್ಯಾಯವಾಗಿರುವುದು ಅಲ್ಲಿಯ ಬರಹಗಾರರೇ ಸಾಲಿನ ಸೊನ್ನೆಯನ್ನೂ ಮೇಲಿನ ಬಿಂದುವನ್ನೂ ಬೇರ್ಪಡಿಸಿದುದರಿಂದ. ಕನ್ನಡದ ಲಿಪಿಕಾರರು ಹಾಗೆ ಬೇರ್ಪಡಿಸಿದರೇ? ಸೊನ್ನೆಯ ಗಾತ್ರದಲ್ಲಿ, ಅದು ಸಾಲಿನಲ್ಲಿ ಕುಳಿತ ಎತ್ತರದಲ್ಲಿ, ಹಿಂದಿನ ಅಕ್ಷರಕ್ಕೆ ತಗುಲಿದೆಯೋ ಮುಂದಿನದಕ್ಕೋ ಎಂಬುದರಲ್ಲಿ, ಒಬ್ಬನೇ ಲಿಪಿಕಾರನ ಕೈಯಲ್ಲಿ ಸ್ಥಿರವಾದ ಭೇದವೇನಾದರೂ ಕಾಣುವುದೇ? ಪ್ರಶ್ನೆಯ ಇತ್ಯರ್ಥವಾಗಬೇಕಾದುದು ಇಲ್ಲಿ, ಓಲೆಯ ಮೇಲೆ. ಭೇದವಿದ್ದರೆ ಸಂಕೇತವು ಬೇಕೇ ಬೇಕು, ಅದಿಲ್ಲದೆ ಪ್ರತಿಯು ಅಪೂರ್ಣ. ಇಲ್ಲದಿದ್ದರೆ ಹೊಸ ಸಂಕೇತವನ್ನು ಪಡೆಯುವುದು ಲಿಪಿಕಾರನು ಹೇಳದ ಮಾತನ್ನು ಅವನ ಬಾಯಲ್ಲಿ ಹಾಕಿದಂತೆ. ಲಿಪಿಕಾರನು ಮಾಡಿದ ಭೇದವನ್ನು ಸಂಕೇತವು ಹೊರಬೇಕು, ಸಂಪಾದಕನು ಮಾಡಿದ ಭೇದವನ್ನು ಟಿಪ್ಪಣಿಯು ಹೊರಬೇಕು. ಈ ಎರಡನ್ನು ಬೆರೆಸಿದಲ್ಲಿಯೇ ಪಾಠವು ಕೆಡುತ್ತದೆ.

ಹಳೆಯ ಕನ್ನಡ ಬರಹದಲ್ಲಿ ಇದೇ ಜಾತಿಯ ಇತರ ಸಂಗತಿಗಳೂ ಇವೆ. ಎ-ಏ, ಒ-ಓಗಳ ಹ್ರಸ್ವದೀರ್ಘಗಳನ್ನು ಓಲೆಗಳು ಪ್ರಾಯಃ ಗುರುತಿಸುವುದಿಲ್ಲ. ದ-ಕಾರ ಧ-ಕಾರಗಳನ್ನು ಬೇರ್ಪಡಿಸುವ ಸೀಳು ಅನೇಕ ವೇಳೆ ಇರುವುದಿಲ್ಲ. ಅಲ್ಲಿ ಹೊಸ ಸಂಕೇತದ ಮಾತೇ ಏಳುವುದಿಲ್ಲ, ಏಕೆಂದರೆ ಅವು ಚಿಹ್ನೆಯ ಅಭಾವಗಳು, ಚಿಹ್ನೆಗಳಲ್ಲ. ಸಂಯುಕ್ತಾಕ್ಷರದ ಹಿಂದೆ ಪ್ರಾಕೃತದಲ್ಲಿ ಬರುವ ಹ್ರಸ್ವ ಎ-ಕಾರ ಒ-ಕಾರಗಳಿಗೆ ಮುದ್ರಣದ ನಾಗರಿಯಲ್ಲಿ ರೂಢಿಯ ಅಕ್ಷರವೇ ಇಲ್ಲದಿರುವಾಗ ಕನ್ನಡದಲ್ಲಿ ಅದು ಸಹಜವಾಗಿಯೇ ಇದೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಪ್ರಾಕೃತಕ್ಕೆ ನಾಗರಿಯೇ ಸಹಜವಾದ ಉಡುಪೆಂದು ತಿಳಿದವರು ಈ ಒಂದು ಅಂಶವನ್ನು ಪರಿಗಣಿಸಬೇಕು.

ಆಚರಣೆಯಲ್ಲಿ ಇಂದು ನಡೆಯುತ್ತಿರುವುದೇನು? ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೋ ವಿಜಯನಗರದ ಬೀದಿಯೊಂದರಲ್ಲಿಯೋ ಅಕ್ಷರಜೋಡಣೆಯವನ ಮುಂದೆ ಪ್ರಾಕೃತಗಾಥೆಗಳ ಕೈಬರಹವು ಬಂದಿತೆನ್ನೋಣ. ಅವನಿಗೆ ಪ್ರಾಕೃತವು ತಿಳಿಯದು, ತಿಳಿಯಬೇಕೆಂದು ನಿರೀಕ್ಷಿಸುವುದೂ ಅನ್ಯಾಯ. ಕೈಬರಹದಲ್ಲಿ ‘ಸತ್ತ’ವೆಂದು ಬಿಡಿಸಿ ಬರೆದಿದ್ದರೆ ‘ಸತ್ತ’ವೆಂದೇ ಜೋಡಿಸುತ್ತಾನೆ, ಓಲೆಯಲ್ಲಿ ಸೊನ್ನೆಯಿತ್ತೆಂಬ ಸಾಕ್ಷ್ಯವು ಅಲ್ಲಿಗೆ ಅಳಿಯಿತು. ‘ಸಂತ’ವೆಂದು ಬಿಟ್ಟಿದ್ದರೆ ಹಾಗೆಯೇ ಜೋಡಿಸುತ್ತಾನೆ, ಆಗ ಗಣಕದಲ್ಲಿ ‘ಸತ್ತ’ವನ್ನು ಹುಡುಕುವವನಿಗೆ ಆ ಸ್ಥಳವು ಎಂದಿಗೂ ದೊರೆಯದು, ‘ಸಂತ’ವನ್ನು ಹುಡುಕುವವನಿಗೆ ಬೇಡದ ಸ್ಥಳಗಳೆಲ್ಲ ದೊರೆಯುತ್ತವೆ. ಇದರ ಮೇಲೆ ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಪುಸ್ತಕಗಳ ತೊಡಕು ಬೇರೆ. ಆ ವಿನ್ಯಾಸಗಳಲ್ಲಿ ಸಂಖ್ಯೆಯು ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ, ತಲೆಕಟ್ಟಿಗೊಂದು, ಒತ್ತಿಗೊಂದು. ೞ-ಱಗಳಿಲ್ಲದ ಕಡೆ ಳ-ರಗಳನ್ನು ಇಟ್ಟು ಕೆಲಸ ಸಾಗಿಸಿದ ಪುಸ್ತಕಗಳನ್ನು ಈಗ ಯಂತ್ರದಿಂದ ಪರಿವರ್ತಿಸಿದರೆ, ಪರಿವರ್ತನೆಯು ಎಷ್ಟು ಶುದ್ಧವಾಗಿದ್ದರೂ, ಹೋದ ಅಕ್ಷರವು ಮರಳಿ ಬರುವುದಿಲ್ಲ.

ಈ ನಡುವೆ ಸುಲಭೋಪಾಯವೊಂದು ಕಾಣಿಸಿಕೊಳ್ಳುವ ಸಂಭವವಿದೆ, ಅದರ ಬಗೆಗೆ ಎಚ್ಚರವು ಅವಶ್ಯ. ಕನ್ನಡದ ಖಂಡಕ್ಕೆ 2022ರಲ್ಲಿ ಅಕ್ಷರದ ಬಲಮೇಲ್ಗಡೆ ಇಡುವ ಒಂದು ಬಿಂದುವು ಸೇರಿದೆ, ಅದರ ಸಂಖ್ಯೆ 3315. ಕೊಂಕಣಿಯಂಥ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಅನುನಾಸಿಕತೆಯನ್ನು ಸಾಮಾನ್ಯ ಸೊನ್ನೆಯಿಂದ ಬೇರ್ಪಡಿಸುವ ಅಗತ್ಯದಿಂದ ಬಂದುದು ಅದು. ಆಕಾರವು ಒಪ್ಪುತ್ತದೆ, ಸ್ಥಾನವೂ ಸಿದ್ಧವಾಗಿದೆ. ಪ್ರಾಕೃತದ ನಿಜವಾದ ಅನುಸ್ವಾರಕ್ಕೆ ಇದನ್ನೇ ಬಳಸಿ ಸಾಮಾನ್ಯ ಸೊನ್ನೆಯನ್ನು ದ್ವಿತ್ವಕ್ಕೆ ಬಿಟ್ಟರೆ ಮಲಯಾಳದ ವ್ಯವಸ್ಥೆಯೇ ಕನ್ನಡಕ್ಕೂ ಒದಗಿತಲ್ಲವೇ ಎನ್ನಿಸಬಹುದು. ಓಲೆಯ ಸಾಕ್ಷ್ಯವು ಹಾಗೆ ಹೇಳಿ, ಆ ಬಳಕೆಯನ್ನು ಬಹಿರಂಗವಾಗಿ ದಾಖಲಿಸಿ ನಡೆದರೆ ಆಕ್ಷೇಪವಿಲ್ಲ. ಒಂದು ಸಂಸ್ಥೆಯು ಹೀಗೆ, ಇನ್ನೊಂದು ಸಂಸ್ಥೆಯು ಹಾಗೆ ಮೌನವಾಗಿ ಬಳಸತೊಡಗಿದರೆ ಹತ್ತು ವರ್ಷಗಳ ಬಳಿಕ ಕಡತಗಳನ್ನು ಒಂದುಗೂಡಿಸುವವನಿಗೆ ಯಾವ ಬಿಂದುವು ಯಾವ ಅರ್ಥದ್ದೆಂದು ತಿಳಿಯುವ ಬಗೆಯೇ ಇರದು. ‘ಫ’ ಎಂಬ ಹೆಸರು ಹೊತ್ತ ೞ-ಕಾರದ ಪ್ರಮಾದವಾದರೂ ಎಲ್ಲರಿಗೂ ಕಾಣುವಂಥದು, ಇದು ಕಾಣದಂಥದು.

ನಿರ್ಣಯವಾಗುವವರೆಗೆ ಪಾಠವನ್ನು ಎರಡು ಪದರಗಳಲ್ಲಿ ಇಡುವುದೇ ಯುಕ್ತವಾದ ಕ್ರಮ. ಒಂದು ಪದರದಲ್ಲಿ ಓಲೆಯಲ್ಲಿದ್ದಂತೆ ‘ಸಂತ’, ಅದಕ್ಕೆ ಹೊಂದಿದ ಇನ್ನೊಂದು ಪದರದಲ್ಲಿ ಸಂಪಾದಕನು ಓದಿದಂತೆ ‘ಸತ್ತ’. ಹುಡುಕುವವನು ಎರಡನೆಯದರಲ್ಲಿ ಹುಡುಕುತ್ತಾನೆ, ಪರೀಕ್ಷಿಸುವವನು ಮೊದಲನೆಯದನ್ನು ನೋಡುತ್ತಾನೆ. ಪಾಶ್ಚಾತ್ಯ ಹಸ್ತಪ್ರತಿಗಳ ಸಂಪಾದನೆಯಲ್ಲಿ ಗಣಕದ ಗುರುತುಪಟ್ಟಿಗಳ ಮೂಲಕ ಈ ಕ್ರಮವು ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕೆ ಹೆಚ್ಚಿನ ಶ್ರಮ ಹಿಡಿಯುವುದು ನಿಜ. ಎಂಟು ಹತ್ತು ಓಲೆಗಳನ್ನು ಹೀಗೆ ಇಳಿಸುವ ವೇಳೆಗೆ ಒಂದೇ ಪದರದಲ್ಲಿ ಇಡೀ ಗ್ರಂಥವನ್ನೇ ಜೋಡಿಸಿ ಮುಗಿಸಬಹುದೆಂಬ ಪ್ರಲೋಭನೆಯೂ ಸಣ್ಣದಲ್ಲ. ಅವಸರದ ಒಂದೇ ಪದರದಿಂದ ಬಂದ ಪ್ರತಿಗಳನ್ನು ಶುದ್ಧೀಕರಿಸಲು ಹಿಂದಿನ ತಲೆಮಾರಿನ ಪಂಡಿತರು ಎಷ್ಟು ವರ್ಷಗಳನ್ನು ತೆತ್ತರೆಂಬುದು ಮೇಲೆಯೇ ಬಂದಿದೆ.

ಉಳಿದಿರುವುದು ಸಾಕ್ಷ್ಯಸಂಗ್ರಹದ ಕೆಲಸ. ಯೂನಿಕೋಡಿನ ತಾಂತ್ರಿಕ ಸಮಿತಿಯು ಮನವಿಯ ಜೊತೆಗೆ ಬಳಕೆಯ ಚಿತ್ರಗಳನ್ನು ಕೇಳುತ್ತದೆ. ಮನವಿಯನ್ನು ಸಲ್ಲಿಸಲು ಸರ್ಕಾರವೇ ಆಗಬೇಕೆಂದಿಲ್ಲ, ಸಂಸ್ಥೆಯಾಗಲಿ ವ್ಯಕ್ತಿಯಾಗಲಿ ಸಲ್ಲಿಸಬಹುದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳ ಪ್ರಾಕೃತಗ್ರಂಥಗಳಿಗೆ ಇಂದಿಗೂ ದಾರಿದೀಪ. ಅದರಿಂದ ಬೇರೆಬೇರೆ ಕಾಲಗಳ, ಬೇರೆಬೇರೆ ಕೈಗಳ ಪ್ರತಿಗಳನ್ನು ಆಯ್ದು, ಪ್ರತಿಯೊಂದರಲ್ಲಿಯೂ ಅರ್ಥದಿಂದ ನಿಸ್ಸಂದೇಹವಾಗಿ ಅನುಸ್ವಾರವಿರುವ ಸ್ಥಳಗಳನ್ನೂ ನಿಸ್ಸಂದೇಹವಾಗಿ ದ್ವಿತ್ವವಿರುವ ಸ್ಥಳಗಳನ್ನೂ ಎದುರುಬದುರಾಗಿ ಇರಿಸಿ ಸೊನ್ನೆಯ ಗಾತ್ರ, ಎತ್ತರ, ಅಂತರಗಳನ್ನು ಅಳೆಯಬೇಕು. ‘ಸಂತ’, ‘ಸತ್ತ’ಗಳೆರಡೂ ಹೇರಳವಾಗಿ ಬರುವ ಜೀವಸ್ಥಾನದ ಭಾಗವು ಇದಕ್ಕೆ ಒಳ್ಳೆಯ ಕ್ಷೇತ್ರ. ಸಂತಪರೂವಣೆಯಲ್ಲಿ ಮೊದಲನೆಯದು ಪದೇಪದೇ ಬರುತ್ತದೆ, ಏಳು ಪೃಥಿವಿಗಳ ನಾರಕರ ಪ್ರಸಂಗದಲ್ಲಿ ಎರಡನೆಯದು. ಅಳೆಯುವ ಕೈಗೆ ಪ್ರಾಕೃತವು ತಿಳಿದಿರಬೇಕು, ಕಣ್ಣಿಗೆ ಹಳಗನ್ನಡ ಲಿಪಿಯ ಪರಿಚಯವಿರಬೇಕು. ಈ ಎರಡೂ ಒಂದೆಡೆ ಕೂಡಿದವರ ಸಂಖ್ಯೆಯು ಕಡಿಮೆಯಾಗುತ್ತಿರುವಾಗ ಈ ಅಳತೆಯನ್ನು ಮುಂದೂಡಲು ಹೆಚ್ಚು ಕಾಲವಿಲ್ಲ.